ಮೂಡ್ ಸರಿಯಿಲ್ಲ, ಟೆಸ್ಟೊಸ್ಟೆರಾನ್ ಶುರು ಮಾಡಲಾ? ಅನುಭವ ಇದ್ದವರು ಹೇಳಿ

ಸ್ಕ್ವಾಟ್ ಪ್ರಿಯ: ವಯಸ್ಸು 39, ಭಾರ ಎತ್ತುತ್ತೇನೆ. ಕೆಲವು ತಿಂಗಳಿಂದ ಯಾವುದರಲ್ಲೂ ಆಸಕ್ತಿ ಇಲ್ಲ. ಸಣ್ಣದಕ್ಕೂ ರೇಗುತ್ತೇನೆ. ಸ್ಕ್ವಾಟ್ ಇದ್ದಲ್ಲೇ ನಿಂತಿದೆ. ರಕ್ತಪರೀಕ್ಷೆಯಲ್ಲಿ ಟೋಟಲ್ ಟೆಸ್ಟೊಸ್ಟೆರಾನ್ 310 ಬಂತು. ಮೂಡ್‌ಗೋಸ್ಕರ ಟಿಆರ್‌ಟಿ (ಹೊರಗಿನಿಂದ ಟೆಸ್ಟೊಸ್ಟೆರಾನ್ ಕೊಡುವ ಚಿಕಿತ್ಸೆ) ತಗೊಂಡವರು ಇದ್ದೀರಾ?

ಹಳೇ ಬಾರ್ಬೆಲ್: ನಾನು ತಗೊಳ್ಳುತ್ತಿದ್ದೇನೆ, ಬಿಡುವ ಯೋಚನೆ ಇಲ್ಲ. ನನ್ನದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಸಲ ಮಾಡಿಸಿದರೂ 180ರ ಆಸುಪಾಸು, ಟೆಸ್ಟೊಸ್ಟೆರಾನ್ ತಯಾರಿಸು ಅಂತ ವೃಷಣಕ್ಕೆ ಹೇಳುವ ಹಾರ್ಮೋನ್ ಎಲ್‌ಎಚ್ ಕೂಡ ತಳದಲ್ಲಿತ್ತು. ಮೊದಲು 250 ಮಿ.ಗ್ರಾಂ ಟೆಸ್ಟೊಸ್ಟೆರಾನ್ ಎನಾಂಥೇಟ್ ಇಂಜೆಕ್ಷನ್, ಮೂರು ವಾರಕ್ಕೊಮ್ಮೆ ಕೊಟ್ಟರು. ಅದು ನರಕ. ಚುಚ್ಚಿಸಿಕೊಂಡ ಮೂರ್ನಾಲ್ಕು ದಿನ ಆಕಾಶಕ್ಕೆ ಮೂರೇ ಗೇಣು. ಮೂರನೇ ವಾರಕ್ಕೆ ಮನೆಯಲ್ಲಿ ಯಾರೂ ಮಾತಾಡಿಸದಿದ್ದರೆ ಸಾಕು ಅನ್ನಿಸುತ್ತಿತ್ತು. ನಾಲ್ಕೈದು ದಿನಕ್ಕೆ ರಕ್ತದಲ್ಲಿ ಅರ್ಧ ಆಗಿಬಿಡುವ ಔಷಧ ಮೂರು ವಾರ ಹೇಗೆ ಬರುತ್ತೆ? ವಾರಕ್ಕೊಮ್ಮೆ ಸಣ್ಣ ಡೋಸ್ ಮಾಡಿದ ಮೇಲೆ ಮನಸ್ಸು ಒಂದು ಸಮಕ್ಕೆ ಬಂತು. ಆದರೆ ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 46 ಇದ್ದದ್ದು 55ಕ್ಕೆ ಹತ್ತಿತು. ಮುಖ ಕೆಂಪು, ಸೆಟ್ ಮುಗಿಸಿ ಕೂತರೆ ಕಿವಿಯಲ್ಲಿ ಗುಂಯ್ ಗುಂಯ್. 54 ದಾಟಿದರೆ ನಿಲ್ಲಿಸಲೇಬೇಕು, ನಿಲ್ಲಿಸಿದರು. 49ಕ್ಕೆ ಇಳಿದ ಮೇಲೆ ಕಮ್ಮಿ ಡೋಸ್‌ನಲ್ಲಿ ಮತ್ತೆ ಶುರು. ಪ್ರಾಸ್ಟೇಟ್‌ಗೆ ಪಿಎಸ್‌ಎ, ಹೆಮಟೊಕ್ರಿಟ್, ಈಸ್ಟ್ರೊಜೆನ್‌ಗೆ ಎಸ್ಟ್ರಾಡಿಯಾಲ್ ಅಂತ ಔಷಧಕ್ಕಿಂತ ರಕ್ತಪರೀಕ್ಷೆಗೇ ದುಡ್ಡು ಜಾಸ್ತಿ ಹೋಗಿದೆ. ಹೋಗಲಿ. ಈಗ ಬೆಳಿಗ್ಗೆ ಏಳಬೇಕು ಅನ್ನಿಸುತ್ತೆ.

ಕಾಯುತ್ತಿರುವವನು: ಮಕ್ಕಳ ವಿಷಯ ಎತ್ತಲೇ ಇಲ್ಲವಲ್ಲ? ಹೊರಗಿನಿಂದ ಟೆಸ್ಟೊಸ್ಟೆರಾನ್ ಬರುತ್ತಿದ್ದರೆ ಎಲ್‌ಎಚ್, ವೀರ್ಯಾಣು ಬೆಳೆಯಲು ಬೇಕಾದ ಎಫ್‌ಎಸ್‌ಎಚ್ ಎರಡೂ ಮಲಗಿಬಿಡುತ್ತವೆ. ನನಗೆ ಬರೆದುಕೊಟ್ಟ ಡಾಕ್ಟರು ಈ ಮಾತೇ ಆಡಲಿಲ್ಲ. ಮಗು ಬೇಕಾ ಅಂತಲೂ ಕೇಳಲಿಲ್ಲ. ವೀರ್ಯ ಪರೀಕ್ಷೆ ಮಾಡಿಸಿದರೆ ವೀರ್ಯಾಣು ಸೊನ್ನೆ. ಕಮ್ಮಿ ಅಲ್ಲ, ಸೊನ್ನೆ. ನಿಲ್ಲಿಸಿದ ಮೇಲಿನ ಪಾಡು ಶತ್ರುವಿಗೂ ಬೇಡ. ಹೊರಗಿನದು ನಿಂತಿತು, ಒಳಗಿನದು ಎದ್ದಿಲ್ಲ. ಶುರು ಮಾಡುವ ಮುಂಚೆ ಇದ್ದ ಬೇಸರ ಇದರ ಮುಂದೆ ಏನೇನೂ ಅಲ್ಲ. ಬೆಂಚ್‌ನಲ್ಲಿ 100 ಕೆ.ಜಿ. ಎತ್ತುತ್ತಿದ್ದವನಿಗೆ 70 ಭಾರವಾಯಿತು. ಒಳಗಿನದನ್ನು ಎಬ್ಬಿಸಲು ಎಚ್‌ಸಿಜಿ ಚುಚ್ಚುಮದ್ದು, ಕ್ಲೋಮಿಫೀನ್ ಮಾತ್ರೆ, ಮತ್ತೆ ಪರೀಕ್ಷೆ, ಮತ್ತೆ ಕಾಯುವುದು. ಹೆಚ್ಚಿನವರಿಗೆ ವರ್ಷದೊಳಗೆ ವಾಪಸ್ ಬರುತ್ತೆ, ಕೆಲವರಿಗೆ ಎರಡು ವರ್ಷ ಹಿಡಿಯುತ್ತೆ. ನಾನು ಆ ಕೆಲವರಲ್ಲಿದ್ದೇನೆ.

ಹಳೇ ಬಾರ್ಬೆಲ್: ಸುಮ್ನೆ ಹೆದರಿಸಬೇಡಿ ಸರ್. ಮೊದಲೇ ವೀರ್ಯ ಶೇಖರಿಸಿಡಬಹುದು, ಎಚ್‌ಸಿಜಿ ಜೊತೆಗೇ ತಗೊಳ್ಳಬಹುದು. ನಿಮ್ಮ ಡಾಕ್ಟರ ಮೇಲಿನ ಸಿಟ್ಟನ್ನು ಔಷಧದ ಮೇಲೆ ಯಾಕೆ ತೀರಿಸುತ್ತೀರಿ?

ಕಾಯುತ್ತಿರುವವನು: ನಿಮಗೆ ಮಕ್ಕಳಿದ್ದಾರೆ ಅಂತ ಕಾಣುತ್ತೆ. ಅದಕ್ಕೇ ಇಷ್ಟು ಸಲೀಸಾಗಿ ಮಾತಾಡುತ್ತೀರಿ.

ಗೊರಕೆ ಬಿಟ್ಟವನು: ನಾನು ತಗೊಳ್ಳಲಿಲ್ಲ, ಆ ಬಗ್ಗೆ ಹೆಮ್ಮೆ ಇದೆ. ನನ್ನದು 290 ಇತ್ತು. ಅಮೆರಿಕದ ಯುರಾಲಜಿ ಸಂಘದ 2018ರ ಮಾರ್ಗಸೂಚಿಯಲ್ಲಿ 300ಕ್ಕಿಂತ ಕೆಳಗೆ ಅಂದರೆ ಕಮ್ಮಿ. ನನಗೂ ಇಂಜೆಕ್ಷನ್ ಬರೆಯಲು ತಯಾರಿದ್ದರು. ನಾನೇ ಹಟ ಹಿಡಿದು ನಿದ್ದೆಯ ಪರೀಕ್ಷೆ ಮಾಡಿಸಿದೆ. ಗಂಟೆಗೆ ಮೂವತ್ತಕ್ಕೂ ಜಾಸ್ತಿ ಸಲ ಉಸಿರು ಕಟ್ಟುತ್ತಿತ್ತು! ಅಂಥವರಿಗೆ ಮೊದಲು ಅದನ್ನು ಸರಿ ಮಾಡದೆ ಟೆಸ್ಟೊಸ್ಟೆರಾನ್ ಕೊಡಲೇಬಾರದು. ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಮೆಷಿನ್ ಹಾಕಿಕೊಂಡೆ. ಮಾಸ್ಕ್‌ನ ಅಂಚು ಒತ್ತಿ ಮೂಗಿನ ಮೇಲೆ ಗಾಯ, ಬಾಯಿ ಒಣಗುವುದು, ಗಾಳಿ ಸೋರಿ ಕಣ್ಣಿಗೆ ಬಡಿಯುವುದು. ಮಾಸ್ಕ್ ಬದಲಿಸಿ ಬದಲಿಸಿ ಸಾಕಾಯಿತು. ತೂಕ ಇಳಿಸುತ್ತೇನೆ ಅಂತ ಅರೆಹೊಟ್ಟೆಯಲ್ಲಿ ಡೆಡ್‌ಲಿಫ್ಟ್ ಮಾಡುವುದನ್ನೂ ಬಿಟ್ಟೆ. ಮುಂದಿನ ಪರೀಕ್ಷೆಯಲ್ಲಿ 420. ಅದಕ್ಕಿಂತ ಮೊದಲೇ ಸಿಟ್ಟು ಇಳಿದಿತ್ತು. 65 ದಾಟಿದ, ನಿಜವಾಗಿ ಕಮ್ಮಿ ಇದ್ದ ಗಂಡಸರ ಮೇಲೆ ಮಾಡಿದ ದೊಡ್ಡ ಅಧ್ಯಯನ 2016ರಲ್ಲಿ ಬಂತು. ಅದರಲ್ಲೂ ಮೂಡ್ ಸುಧಾರಿಸಿದ್ದು ಸ್ವಲ್ಪ ಮಾತ್ರ. ಖಿನ್ನತೆಗೆ ಖಿನ್ನತೆಯ ಚಿಕಿತ್ಸೆ ಬೇರೆಯೇ ಇದೆ.

ಹಳೇ ಬಾರ್ಬೆಲ್: 290 ಇದ್ದವರು 180 ಇದ್ದವನಿಗೆ ಪಾಠ ಹೇಳಬೇಡಿ. ನನಗೆ ನಿದ್ದೆ ಸರಿಯಾಗೇ ಇತ್ತು.

ಗೊರಕೆ ಬಿಟ್ಟವನು: ಪಾಠ ನಿಮಗಲ್ಲ. ಕೇಳಿದವರದು 310, ಅದೂ ಒಂದೇ ಸಲದ್ದು. ಬೆಳಿಗ್ಗೆ ಕೊಟ್ಟ ರಕ್ತವಾ ಅಂತಲೂ ಗೊತ್ತಿಲ್ಲ.

ಎರಡು ದಿಂಬು: ನಮ್ಮ ಮನೆಯವರು ಟೆಸ್ಟೊಸ್ಟೆರಾನ್ ಜೆಲ್ ಹಚ್ಚುತ್ತಾರೆ. ನೀವು ಗಂಡಸರು ನಿಮ್ಮ ನಂಬರ್‌ಗಳಲ್ಲೇ ಮುಳುಗಿದ್ದೀರಿ. ಜೆಲ್ ಹಚ್ಚಿದ ಹೆಗಲು ನನಗೆ ತಾಗಿ ತಾಗಿ ಗಲ್ಲದ ತುಂಬ ಮೊಡವೆ, ತುಟಿ ಮೇಲೆ ಕೂದಲು. ಪರೀಕ್ಷೆ ಮಾಡಿಸಿದರೆ ಟೆಸ್ಟೊಸ್ಟೆರಾನ್ ನನ್ನಲ್ಲೇ ಏರಿತ್ತು. ಮಗುವನ್ನು ಅದೇ ಹೆಗಲ ಮೇಲೆ ಮಲಗಿಸುತ್ತಿದ್ದರು. ಚಿಕ್ಕ ಮಕ್ಕಳಿಗೆ ತಾಗಿದರೆ ಹೊತ್ತಿಗೆ ಮುಂಚೆ ಪ್ರಾಯದ ಲಕ್ಷಣ ಬರುತ್ತೆ. ಈಗ ಹಚ್ಚಿದ ಕೂಡಲೇ ಸೋಪಿನಲ್ಲಿ ಕೈ ತೊಳೆಯಬೇಕು, ಒಣಗಿದ ಮೇಲೆ ಶರ್ಟ್ ಹಾಕಲೇಬೇಕು. ಟವೆಲ್ ಬೇರೆ, ದಿಂಬಿನ ಕವರ್ ಬೇರೆ.

ಹಳೇ ಬಾರ್ಬೆಲ್: ಅದಕ್ಕೇ ಹೇಳುವುದು, ಜೆಲ್ ದಂಡ. ಇಂಜೆಕ್ಷನ್ ತಗೊಳ್ಳಿ ಅನ್ನಿ.

ಎರಡು ದಿಂಬು: ಇಂಜೆಕ್ಷನ್‌ನಲ್ಲಿ ಮೂರನೇ ವಾರ ಹೆಂಡತಿ ಮಕ್ಕಳು ನಿಮ್ಮಿಂದ ದೂರ ಇರಬೇಕಾಗಿತ್ತು ಅಂತ ಬರೆದವರು ನೀವೇ ಅಲ್ವಾ? ನಮ್ಮವರು ಜೆಲ್‌ನಲ್ಲಿ ದಿನವೂ ಒಂದೇ ಥರ ಇರುತ್ತಾರೆ.

ಪ್ಲಾಟ್‌ಫಾರ್ಮ್: ಸ್ಕ್ವಾಟ್ ಏರುತ್ತೆ ಅಂತ ಶುರು ಮಾಡುವವರಿಗೆ ಒಂದು ಮಾತು. 1996ರ ಪ್ರಸಿದ್ಧ ಪ್ರಯೋಗದಲ್ಲಿ ವ್ಯಾಯಾಮ ಇಲ್ಲದೆಯೂ ಸ್ನಾಯು ಬೆಳೆದದ್ದು ನಿಜ. ಆದರೆ ಅಲ್ಲಿ ಕೊಟ್ಟದ್ದು ವಾರಕ್ಕೆ 600 ಮಿ.ಗ್ರಾಂ. ಚಿಕಿತ್ಸೆಯ ಡೋಸ್ ಸುಮಾರು 100. ಇನ್ನು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿಯಲ್ಲಿ ಇದು ಯಾವಾಗಲೂ ನಿಷೇಧ. ಡಾಕ್ಟರ ಚೀಟಿ ಇದ್ದರೆ ಸಾಲದು, ಚಿಕಿತ್ಸೆಗೆ ಅಂತ ಬೇರೆ ವಿನಾಯಿತಿ ಬೇಕು. ಸುಸ್ತು, ವಯಸ್ಸು ಅಂದರೆ ಅದು ಸಿಗಲ್ಲ. ನನ್ನ ಜೊತೆ ಎತ್ತುತ್ತಿದ್ದವನ ಸ್ಪರ್ಧೆ ಹೀಗೇ ಮುಗಿಯಿತು.

ಹಳೇ ಬಾರ್ಬೆಲ್: ಅಂದರೆ ನಾನು ಮೋಸಗಾರನಾ? ನಾನು ಎತ್ತಿದ ಒಂದೊಂದು ಕಿಲೋನೂ ನನ್ನ ಬೆವರು.

ಪ್ಲಾಟ್‌ಫಾರ್ಮ್: ಬೆವರಿನ ಮಾತೇ ನಾನು ಎತ್ತಲಿಲ್ಲ. ಡೋಪ್ ಪರೀಕ್ಷೆ ಇರುವ ಮೀಟ್‌ಗೆ ಹೆಸರು ಕೊಡುತ್ತೀರಾ, ಇಲ್ಲವಾ? ಅದನ್ನು ಹೇಳಿ.

ಹಳೇ ಬಾರ್ಬೆಲ್: ಕೊಡಲ್ಲ. ಕೊಟ್ಟೂ ಇಲ್ಲ. ಮಾತು ಹಿಂದಕ್ಕೆ ತಗೊಳ್ಳಿ.