ಸಹಾಯ ಬೇಕು: ಮಕ್ಕಳಿಗೆ ತೋರಿಸಲು ಉದುರಿದ ಕಾಯಿ, ಖಾಲಿ ಗೂಡು

ನಮಸ್ಕಾರ. ಪುಣೆಯ ಕೋಥರೂಡ್‌ನಲ್ಲಿ ಭಾನುವಾರ ಹನ್ನೆರಡು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಕಳೆದ ವಾರ, ಗಾಳಿಗೆ ಬಿದ್ದಿದ್ದ ಗೀಜಗನ ಹಳೆಯ ಗೂಡೊಂದನ್ನು ಒಯ್ದಿದ್ದೆ. ಒಳಗೆ ಅಂಟಿದ್ದ ಒಣ ಮಣ್ಣನ್ನು ಮುಟ್ಟಿ ನೋಡಿದ ಹುಡುಗಿಯೊಬ್ಬಳು, ‘ಇದನ್ನೂ ಕೊಕ್ಕಿನಲ್ಲೇ ತಂದಿತೇ?’ ಎಂದು ಕೇಳಿದಳು. ಅಂದಿನ ಪಾಠವೆಲ್ಲ ಅದೇ ಆಯಿತು.

ಇಂಥವು ಇನ್ನಷ್ಟು ಬೇಕು. ಬೂರುಗದ ಒಡೆದ ಕಾಯಿ, ತೇಗದ ಒಣ ಎಲೆ, ಜೀರುಂಡೆ ಕಳಚಿಟ್ಟ ಪೊರೆ, ಏನಾದರೂ ಸರಿ. ತಾನಾಗಿ ಉದುರಿದ್ದು ಮಾತ್ರ, ಕಿತ್ತದ್ದು ಬೇಡ. ಅಂಗಡಿಯ ಶಂಖ, ಹವಳಗಳಂತೂ ಬೇಡವೇ ಬೇಡ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕಡಲ ದಡದ ಖಾಲಿ ಚಿಪ್ಪನ್ನೂ ಅಲ್ಲೇ ಬಿಡಿ, ಅದು ಸನ್ಯಾಸಿ ಏಡಿಯ ಮನೆ.

ಊರಿಗೆ ಹೋಗಿಬರುವವರು, ಯಾವ ಮರದಡಿ ಸಿಕ್ಕಿತೆಂದು ಚೀಟಿ ಬರೆದು ತಂದುಕೊಡುವಿರಾ? ಮನೆಗೇ ಬಂದು ಪಡೆದುಕೊಳ್ಳುತ್ತೇನೆ.