ಜಂಪ್ ಕಂಡ ಕೂಡಲೇ ಓಡಿಬಿಡುವ ಕುದುರೆ: ಕ್ಯಾಂಟರ್ ಲಯ ಸರಿಮಾಡುವುದು ಹೇಗೆ?

ಪ್ರಶ್ನೆ:
ನಮಸ್ಕಾರ ಸರ್. ನಾನು ಯಲಹಂಕದ ಕಡೆ ಒಂದು ರೈಡಿಂಗ್ ಸ್ಕೂಲ್‌ನಲ್ಲಿ ಸವಾರಿ ಮಾಡುತ್ತೇನೆ. ಕುದುರೆ ಒಂಬತ್ತು ವರ್ಷದ ಥರೋಬ್ರೆಡ್. ಮೊದಲು ರೇಸ್ ಓಡುತ್ತಿದ್ದ, ಈಗ ಶೋ ಜಂಪಿಂಗ್‌ಗೆ ತಯಾರು ಮಾಡುತ್ತಿದ್ದೇವೆ. 80, 90 ಸೆಂಟಿಮೀಟರ್ ಎತ್ತರ ಅವನಿಗೆ ಕಷ್ಟವೇ ಅಲ್ಲ. ಆದರೆ ತಿರುವು ಮುಗಿದು ಜಂಪ್ ಕಂಡ ಕೂಡಲೇ ವೇಗ ಏರಿಸುತ್ತಾನೆ. ಲಗಾಮು ಎಳೆದರೆ ತಲೆ ಮೇಲೆತ್ತಿ ಇನ್ನೂ ಜೋರಾಗಿ ಹೋಗುತ್ತಾನೆ. ಇಲ್ಲದಿದ್ದರೆ ಕೊನೆಯಲ್ಲಿ ಒಂದು ಪುಟ್ಟ ಹೆಜ್ಜೆ ತುರುಕಿ, ಜಂಪಿನ ಬುಡದಿಂದ ಹಾರಿ, ಅಡ್ಡ ಇಟ್ಟ ಪೋಲ್ ಬೀಳಿಸುತ್ತಾನೆ. ಗಟ್ಟಿ ಬಿಟ್ (ಬಾಯಿಗೆ ಹಾಕುವ ಕಡಿವಾಣ) ಹಾಕಿ ಅಂತ ಕೆಲವರು ಹೇಳುತ್ತಿದ್ದಾರೆ. ಹಾಕಲಾ?

ಕೋಚ್:
ಬೇಡ, ಬಿಟ್ ಮುಟ್ಟಬೇಡಿ. ಮೊದಲು ವೆಟ್‌ಗೆ ಒಮ್ಮೆ ತೋರಿಸಿ. ಬೆನ್ನು, ಹಿಂಗಾಲಿನ ಕೀಲು, ಹಲ್ಲು, ಹೊಟ್ಟೆ ಎಲ್ಲಾ ನೋಡಲಿ. ರೇಸ್ ಓಡಿದ ಕುದುರೆಗಳಿಗೆ ಹೊಟ್ಟೆ ಹುಣ್ಣು ಬಹಳ ಸಾಮಾನ್ಯ. ಜೀನು ಭುಜಕ್ಕೆ ಒತ್ತುತ್ತಿದೆಯಾ, ಲಾಳ ಹೊಡೆದು ತುಂಬಾ ದಿನ ಆಯಿತಾ, ಇದನ್ನೂ ನೋಡಿ. ನೋವಿರುವ ಕುದುರೆ ಜಂಪ್ ಬೇಗ ಮುಗಿದರೆ ಸಾಕು ಅಂತ ಓಡುತ್ತದೆ. ಅದಕ್ಕೆ ತರಬೇತಿ ಮದ್ದಲ್ಲ.

ನೋವಿಲ್ಲ ಅಂತ ಗೊತ್ತಾದ ಮೇಲೆ ಮುಂದಿನ ಮಾತು. ನಿಮ್ಮ ಕುದುರೆ ಹಟ ಮಾಡುತ್ತಿಲ್ಲ, ಕಲಿತಿದ್ದನ್ನೇ ಮಾಡುತ್ತಿದ್ದಾನೆ. ರೇಸಿನಲ್ಲಿ ಜಾಕಿ ಲಗಾಮು ಬಿಗಿ ಹಿಡಿದರೆ ಕುದುರೆ ಆ ಬಿಗಿಗೆ ಒರಗಿಕೊಂಡು ಓಡುತ್ತದೆ. ನೀವು ಎಳೆದಾಗಲೂ ಅವನಿಗೆ ಕೇಳಿಸುವುದು "ಓಡು" ಅಂತಲೇ. ಗಟ್ಟಿ ಬಿಟ್ ಹಾಕಿದರೆ ಬಾಯಿ ನೋಯುತ್ತದೆ, ತಲೆ ಇನ್ನೂ ಮೇಲೆ ಹೋಗುತ್ತದೆ, ಬೆನ್ನು ಕುಸಿಯುತ್ತದೆ. ಬೆನ್ನು ಕುಸಿದರೆ ಕ್ಯಾಂಟರ್ (ಟ್ರಾಟ್ ಎಂಬ ಸಣ್ಣ ಓಟಕ್ಕೂ ನಾಗಾಲೋಟಕ್ಕೂ ನಡುವಿನ ಓಟ) ಮುಗಿದ ಹಾಗೆ.

ಕ್ಯಾಂಟರ್ ಮೂರು ಬಡಿತದ ನಡಿಗೆ. ಎಡ ಲೀಡ್ (ಎಡ ಮುಂಗಾಲು ಮುಂದೆ ಚಾಚುವ ಕ್ಯಾಂಟರ್) ಅಂದುಕೊಳ್ಳಿ: ಮೊದಲು ಬಲ ಹಿಂಗಾಲು, ಆಮೇಲೆ ಎಡ ಹಿಂಗಾಲು ಮತ್ತು ಬಲ ಮುಂಗಾಲು ಒಟ್ಟಿಗೆ, ಕೊನೆಗೆ ಎಡ ಮುಂಗಾಲು. ಆಮೇಲೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಕ್ಷಣ. ಆ ಕ್ಷಣದಲ್ಲೇ ಕುದುರೆ ಹಿಂಗಾಲನ್ನು ಹೊಟ್ಟೆಯ ಕೆಳಗೆ ತಂದುಕೊಳ್ಳುವುದು. ಹಿಂಗಾಲು ಕೆಳಗೆ ಬಂದರೆ ಮಾತ್ರ ಮೇಲೆ ಹಾರುವ ಶಕ್ತಿ ಸಿಗುತ್ತದೆ. ಓಡುತ್ತಾ ಹೋದರೆ ಆ ಎಗರು ಚಪ್ಪಟೆಯಾಗುತ್ತದೆ. ಸುಮ್ನೆ ಎಳೆದು ನಿಧಾನ ಮಾಡಿದರೆ ಮಧ್ಯದ ಜೋಡಿ ಒಡೆದು ನಾಲ್ಕು ಬಡಿತ ಆಗುತ್ತದೆ. ಎರಡೂ ಕೆಟ್ಟದ್ದೇ, ಆದರೆ ಎರಡನೆಯದನ್ನು ಜನ "ಎಷ್ಟು ಶಾಂತವಾಗಿದ್ದಾನೆ" ಅಂತ ಹೊಗಳುತ್ತಾರೆ, ಅದು ನನಗೆ ನಿಜವಾಗಿ ಬೇಸರ.

ಇನ್ನು ನನ್ನ ಅನುಮಾನ ಹೇಳುತ್ತೇನೆ. ಅವನು ಜಂಪ್ ನೋಡಿ ಓಡುತ್ತಿಲ್ಲ. ತಿರುವಿನಲ್ಲೇ ಲಯ ತಪ್ಪಿದೆ. ನೀವು ಒಳಗಿನ (ತಿರುಗುವ ಕಡೆಯ) ಲಗಾಮಿನಿಂದ ತಿರುಗಿಸುತ್ತೀರಿ, ಹಿಂಭಾಗ ಹೊರಗೆ ಜಾರುತ್ತದೆ, ತೂಕ ಪೂರ್ತಿ ಮುಂದಿನ ಭುಜಕ್ಕೆ ಬೀಳುತ್ತದೆ, ಆ ತೂಕವನ್ನು ಹಿಡಿದುಕೊಳ್ಳಲು ಅವನು ಓಡುತ್ತಾನೆ. ಜಂಪ್ ಎದುರಿಗಿರುವುದರಿಂದ ನಿಮಗೆ ಅದರ ತಪ್ಪು ಅಂತ ಕಾಣುತ್ತದೆ, ಅಷ್ಟೇ. ಪರೀಕ್ಷೆ ಮಾಡಿ: ಪೋಲ್‌ಗಳನ್ನೆಲ್ಲ ತೆಗೆದು ಪೋಲ್ ಹೊರುವ ಎರಡು ಸ್ಟ್ಯಾಂಡ್ ಮಾತ್ರ ಇಟ್ಟು, ಅದೇ ತಿರುವಿನಿಂದ ಬಂದು ನಡುವೆ ಹಾದುಹೋಗಿ. ಆಗಲೂ ವೇಗ ಏರಿದರೆ ಜಂಪಿನದ್ದಲ್ಲ, ತಿರುವಿನದ್ದೇ ಸಮಸ್ಯೆ.

ತಿರುವಿಗೆ ಹೊರಗಿನ ಲಗಾಮು ಮತ್ತು ಹೊರಗಿನ ಕಾಲು ಬೇಕು. ಮೂಲೆಗೆ ಮೂರು ಸ್ಟ್ರೈಡ್ (ನಾಲ್ಕೂ ಕಾಲಿನ ಒಂದು ಸುತ್ತು ಅಂದರೆ ಒಂದು ಸ್ಟ್ರೈಡ್) ಮೊದಲೇ ನೆಟ್ಟಗೆ ಕೂತು, ಹೊರಗಿನ ಕೈಯ ಮುಷ್ಟಿ ಒಂದು ಸ್ಟ್ರೈಡ್ ಬಿಗಿಮಾಡಿ, ಮುಂದಿನ ಸ್ಟ್ರೈಡ್‌ನಲ್ಲಿ ಬಿಡಿ. ಬಿಡುವುದೇ ಮುಖ್ಯ. ಬಿಡದಿದ್ದರೆ ಅವನಿಗೆ ಮತ್ತೆ ಒರಗಲು ಗೋಡೆ ಸಿಕ್ಕಿತು. ಕಣ್ಣು ಜಂಪಿನ ಕಡೆ ಬೇಗ ಹೋಗಲಿ, ಮೈ ಮಾತ್ರ ಅಲ್ಲೇ ಇರಲಿ.

ಅದೇ ಸದಸ್ಯೆ:
ಸರ್, ಸ್ಟ್ಯಾಂಡ್ ಮಾತ್ರ ಇಟ್ಟು ನೋಡಿದೆ. ನೀವು ಹೇಳಿದ್ದೇ ನಿಜ, ಏನೂ ಇಲ್ಲದಿದ್ದರೂ ಓಡಿದ. ಬಲಕ್ಕೆ ತಿರುಗುವಾಗ ಜಾಸ್ತಿ. ಆದರೆ ನಿಧಾನ ಮಾಡಿಸಿದರೆ ಶೋನಲ್ಲಿ ಸಮಯ ಮೀರಿ ಪೆನಾಲ್ಟಿ ಬೀಳುತ್ತದೆ, ಅಲ್ವಾ?

ಕೋಚ್:
ನಿಧಾನ ಮಾಡಿ ಅಂತ ನಾನು ಹೇಳಲೇ ಇಲ್ಲ ನೋಡಿ! ಲಯ ಬೇರೆ, ವೇಗ ಬೇರೆ. ಹೆಚ್ಚಿನ ಕ್ಲಾಸ್‌ಗಳಲ್ಲಿ ಸಮಯ ಲೆಕ್ಕಹಾಕಲು ವೇಗ ನಿಮಿಷಕ್ಕೆ 350 ಮೀಟರ್ ಇಡುತ್ತಾರೆ. ಕೋರ್ಸ್ ಹಾಕುವವರು ಒಂದು ಸ್ಟ್ರೈಡ್ ಅಂದರೆ 12 ಅಡಿ, ಅಂದರೆ ಸುಮಾರು 3.65 ಮೀಟರ್ ಅಂತ ಲೆಕ್ಕ ಇಟ್ಟುಕೊಂಡು ದೂರ ಅಳೆಯುತ್ತಾರೆ. ಭಾಗಿಸಿ ನೋಡಿ, ನಿಮಿಷಕ್ಕೆ ಸುಮಾರು 96 ಸ್ಟ್ರೈಡ್. ಫೋನಿನಲ್ಲಿ ಮೆಟ್ರೋನೋಮ್ ಆಪ್ ಹಾಕಿ 96ಕ್ಕೆ ಇಟ್ಟು ಜೇಬಿನಲ್ಲಿ ಇಟ್ಟುಕೊಳ್ಳಿ, ಒಂದು ಟಿಕ್‌ಗೆ ಒಂದು ಸ್ಟ್ರೈಡ್. ವೇಗ ನೋಡಬೇಕೆಂದರೆ ಮೈದಾನದ ಉದ್ದನೆಯ ಬದಿಯಲ್ಲಿ 35 ಮೀಟರ್ ಅಳೆದು ಎರಡು ಗುರುತು ಇಡಿ, ಕುದುರೆ ನೋಡಿಕೊಳ್ಳುವ ಸೈಸ್ ಕೈಗೆ ಸ್ಟಾಪ್‌ವಾಚ್ ಕೊಡಿ. ಆರು ಸೆಕೆಂಡ್ ಬಂದರೆ 350 ಸರಿಯಾಗಿದೆ. ನಿಮ್ಮವನು ಐದಕ್ಕಿಂತ ಕಡಿಮೆಯಲ್ಲಿ ದಾಟುತ್ತಿರಬಹುದು. ಜೊತೆಗೆ ಯೋಚಿಸಿ, ಒಂದು ಪೋಲ್ ಬಿದ್ದರೆ ನಾಲ್ಕು ಪೆನಾಲ್ಟಿ.

ಈಗ ಕೆಲಸ. ನೆಲದ ಮೇಲೆ ಎರಡು ಪೋಲ್, ನಡುವೆ 18ರಿಂದ 19 ಮೀಟರ್. ಹೆಚ್ಚಿನ ಕುದುರೆಗಳಿಗೆ ಅಲ್ಲಿ ಐದು ಸ್ಟ್ರೈಡ್ ಬರುತ್ತದೆ. ಜೋರಾಗಿ ಎಣಿಸಿ, ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಎಣಿಸುವಾಗ ಉಸಿರು ನಿಲ್ಲುವುದಿಲ್ಲ, ಉಸಿರು ನಿಲ್ಲದಿದ್ದರೆ ತೋಳು ಬಿಗಿಯುವುದಿಲ್ಲ. ಮೊದಲು ನಾಲ್ಕೇ ಬರಬಹುದು, ಬೈಯಬೇಡಿ. ಎರಡನೇ ಪೋಲ್ ದಾಟಿದ ಕೂಡಲೇ 20 ಮೀಟರ್ ಅಗಲದ ವೃತ್ತಕ್ಕೆ ಹೋಗಿ, ಲಯ ಸಿಕ್ಕ ಮೇಲೆ ಮತ್ತೆ ಬನ್ನಿ. ಐದು ಗಟ್ಟಿಯಾದಾಗ ಅದೇ ದೂರದಲ್ಲಿ ಆರು ಮಾಡಿಸಿ, ಮತ್ತೆ ಐದು. ಟಿಕ್ ಬದಲಾಗದೆ ಸ್ಟ್ರೈಡ್ ಮಾತ್ರ ಉದ್ದ ಗಿಡ್ಡ ಆಗಬೇಕು. ಅದು ಬಂದ ಮೇಲೆ ಪೋಲ್ ಎತ್ತಿ ಪುಟ್ಟ ಜಂಪ್ ಮಾಡಿ, ಆದರೆ ದೂರವನ್ನು ಮತ್ತೆ ಅಳೆಯಿರಿ. ಜಂಪ್‌ಗಳ ನಡುವಿನ ಐದು ಸ್ಟ್ರೈಡ್‌ಗೆ ಸುಮಾರು 22 ಮೀಟರ್ ಬೇಕು, ಪುಟ್ಟ ಎತ್ತರವಾದರೆ ಸ್ವಲ್ಪ ಕಡಿಮೆ. ಪೋಲ್ ದೂರಕ್ಕೇ ಜಂಪ್ ಹಾಕಿದರೆ ಅವನು ಇಕ್ಕಟ್ಟಿಗೆ ಸಿಕ್ಕಿ ಹೆದರುತ್ತಾನೆ.

ಬಲಕ್ಕೆ ಜಾಸ್ತಿ ಅಂದಿರಲ್ಲ, ಅದನ್ನು ವೆಟ್‌ಗೆ ತಪ್ಪದೆ ಹೇಳಿ.

ಇನ್ನೊಬ್ಬ ಸದಸ್ಯರು:
ನನ್ನ ಮಗಳು ಪೋನಿ ಮೇಲೆ ಕಲಿಯುತ್ತಿದ್ದಾಳೆ ಸರ್. ಇದೇ ಅಳತೆ ಹಾಕಬಹುದಾ? ಮಳೆ ಬಂದ ಮಾರನೇ ದಿನ ಪೋನಿ ಎಡವುತ್ತದೆ ಕೂಡ.

ಕೋಚ್:
ಹಾಕಬೇಡಿ. ಪೋನಿ ಸ್ಟ್ರೈಡ್ ಗಿಡ್ಡ, ಅದರ ಅಳತೆಗೆ ಪೋಲ್ ಹತ್ತಿರ ತನ್ನಿ. ಮಗು ಒದ್ದು ಒದ್ದು ದೂರ ಮುಟ್ಟಿಸುವುದು ಎಂದೂ ಬೇಡ. ಮಳೆ ಬಿದ್ದ ಮರಳು ಭಾರವಾಗುತ್ತದೆ, ಕಾಲು ಹೂತು ಬಡಿತ ತಡವಾಗುತ್ತದೆ, ಸ್ನಾಯು ಎಳೆದುಕೊಳ್ಳುವ ಅಪಾಯವೂ ಇದೆ. ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆ ಗೊತ್ತಲ್ಲ. ಬೆಳಿಗ್ಗೆ ಹೋಗಿ ಹಿಮ್ಮಡಿಯಿಂದ ನೆಲ ಒತ್ತಿ ನೋಡಿ, ನೀರು ಮೇಲೆ ಬಂದರೆ ಅಂದು ಮೆಲ್ಲಗೆ ನಡೆಸುವುದು ಮಾತ್ರ.

ಮೂರನೆಯ ಸದಸ್ಯರು:
ಎಲ್ಲ ಸರಿ, ಆದರೆ ಜಂಪಿಂಗ್ ಕಲಿಯಲು ಬಂದವರಿಗೆ ಹಾರಿಸದೆ ಮಾಡುವ ಇಷ್ಟು ನೆಲದ ಕೆಲಸ ಬೇಕಾ? ವಾರಪೂರ್ತಿ ಹಾರಿಸಿದರೆ ತಾನೇ ಅಭ್ಯಾಸ ಆಗುವುದು?

ಕೋಚ್:
ಬೇಕು, ಖಂಡಿತ ಬೇಕು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದದ್ದು ಈವೆಂಟಿಂಗ್‌ನಲ್ಲಿ. ಅದರಲ್ಲಿ ಮೊದಲು ಡ್ರೆಸಾಜ್ (ನೆಲದ ಮೇಲಿನ ಶಿಸ್ತಿನ ಚಲನೆಗಳು), ಆಮೇಲೆ ಕ್ರಾಸ್ ಕಂಟ್ರಿ (ಬಯಲಿನಲ್ಲಿ ಅಡೆತಡೆ ಹಾರುವ ಓಟ), ಆಮೇಲೆ ಜಂಪಿಂಗ್, ಮೂರಕ್ಕೂ ಒಂದೇ ಕುದುರೆ. ನೆಲದ ಕೆಲಸ ಕಲಿಯದ ಕುದುರೆ ಅಲ್ಲಿ ಕೊನೆಯ ದಿನ ಪೋಲ್ ಉಳಿಸುವುದು ಕಷ್ಟ. ದಿನಾ ಹಾರಿಸಿದರೆ ಕಾಲು ಸವೆಯುತ್ತದೆ, ಮನಸ್ಸೂ ಕೆಡುತ್ತದೆ. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ದಿನ ಜಂಪ್ ಸಾಕು. ಉಳಿದ ದಿನ ಪೋಲ್, ಟ್ರಾಟ್‌ನಿಂದ ಕ್ಯಾಂಟರ್, ಕ್ಯಾಂಟರ್‌ನಿಂದ ಟ್ರಾಟ್, ಮತ್ತೆ ಒಂದು ದಿನ ಲಾಯದ ಹೊರಗೆ ಆರಾಮಾಗಿ ಸುತ್ತಾಟ.

ಯಲಹಂಕದವರೇ, ವೆಟ್ ಏನು ಹೇಳಿದರು ಅಂತ ಬರೆಯಿರಿ. ಬಲಗಡೆಯ ತಿರುವಿನ ಒಂದು ವಿಡಿಯೊ ಹಾಕಿ, ಪಕ್ಕದಿಂದ ತೆಗೆದದ್ದು, ಹಿಂಗಾಲು ಕಾಣಬೇಕು.