ಕಿಮೋ ಅಲ್ಲದ ಲಿಂಫೋಮಾ ಚಿಕಿತ್ಸೆಗೆ ಏನನ್ನೋಣ? ‘ಕಸಿ’ ನಡೀತದೇನು?

ಎಲ್ಲಾರಿಗೂ ನಮಸ್ಕಾರ್ರೀ,

ವಿಜಯಪುರದಿಂದ ಬರೀಲಿಕ್ಕತ್ತೀನಿ. ನಮ್ಮ ಸೋದರಮಾವಗ ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್) ಆಗಿ ಸೊಲ್ಲಾಪುರದಾಗ ಟ್ರೀಟ್‌ಮೆಂಟ್ ನಡದದ, ಮನ್ಯಾಗ ತಿಳಿಸಿ ಹೇಳೋ ಕೆಲಸ ನನ್ನ ಪಾಲಿಗೆ ಬಂದದ, ಅಲ್ಲೇ ಶಬ್ದದ ತಾಪತ್ರಯ ನೋಡ್ರಿ. ನಮ್ಮ ಕಡೆ ಮಂದಿ ಬಾಯಾಗ ಕ್ಯಾನ್ಸರಿಗೆ ಆಪರೇಶನ್, ಕರೆಂಟ್ ಕೊಡೋದು (ರೇಡಿಯೇಶನ್), ಕಿಮೋ, ಇಷ್ಟ ಇರೋದು. ಸಲಾಯಿನ್ದಾಗ ಏನ್ ಬಿಟ್ರೂ ಕಿಮೋನ.

ಮಾವಗ ಕೊಡೋದು ಆರ್-ಚಾಪ್. ಚಾಪ್ ಅನ್ನೋದು ಹಳೇ ಕಿಮೋ ಪದ್ಧತಿ, ಭರಾಭರಾ ಬೆಳಿಯೋ ಜೀವಕೋಶ ಯಾವ್ದಿದ್ರೂ ಹೊಡೀತದ, ಅದಕ್ಕ ಕೂದಲಾ ಉದರೋದು, ಬಾಯಿ ಹುಣ್ಣಾಗೋದು. ಮುಂದಿನ ಆರ್ ಅಂದ್ರ ರಿಟುಕ್ಸಿಮ್ಯಾಬ್, 1997ರಾಗ ಅಮೆರಿಕಾದಾಗ ಒಪ್ಪಿಗಿ ಸಿಕ್ಕಿದ್ದು, ಅದು ಆಂಟಿಬಾಡಿ, ಅಂದ್ರ ಒಂದ ಗುರುತು ನೋಡಿ ಅಂಟಿಕೊಳ್ಳೋ ಪ್ರೋಟೀನ್. ಬಿ-ಕೋಶ ಅನ್ನೋ ಬಿಳಿ ರಕ್ತಕಣದ ಮೈಮ್ಯಾಲಿನ ಸಿಡಿ20 ಪ್ರೋಟೀನ್ ಹಿಡ್ಕೋತದ, ಆಮ್ಯಾಲ ನಮ್ಮ ಮೈಯಾಗಿನ ನಿರೋಧಕ ಶಕ್ತಿನ ಬಂದು ಆ ಕೋಶ ಮುಗಸ್ತದ. ಮೊದಲ್ನೇ ಸಲಕ್ಕ ಚಳಿಜ್ವರ ಬರಬಹುದಂತ ಸಿಸ್ಟರ್ ಸಲಾಯಿನ್ ಹನಿ ಭಾಳ ನಿಧಾನ ಬಿಟ್ಟಿದ್ರು, ನಮ್ಮತ್ತಿ ‘ಕಿಮೋ ಪವರ್ ಜಾಸ್ತಿ ಐತೇನೋ’ ಅಂತ ಗಾಬರಿ. ನಾ ಆಂಟಿಬಾಡಿಗೆ ಪುಸ್ತಕದಾಗಿನ ‘ಪ್ರತಿಕಾಯ’ ಅಂದೆ, ‘ಕಾಯಿಪಲ್ಲೆ ತಿನ್ಸೋದೇನ್ ತಮ್ಮಾ’ ಅಂದ್ಲು!

ಪೇಪರ್‌ನ್ಯಾಗ ಇಂಥಾ ಔಷಧಕ್ಕ ‘ಗುರಿ ಚಿಕಿತ್ಸೆ’ ಅಂತಾರ, ಅಡ್ಡಿಯಿಲ್ಲ. ಆದ್ರ ಹಾಡ್ಜ್‌ಕಿನ್ ಲಿಂಫೋಮಾಕ್ಕ 2011ರಾಗ ಬಂದ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಅಂತೊಂದು ಔಷಧ ಅದ, ಅದರಾಗ ಆಂಟಿಬಾಡಿಗೆ ಕೋಶ ಕೊಲ್ಲೋ ಔಷಧಾನ ಅಂಟಿಸಿರ್ತಾರ, ಅದನ್ನ ಗುರಿ ಅನ್ನೂದೋ ಕಿಮೋ ಅನ್ನೂದೋ?

ನನ್ನ ಖರೇ ಪ್ರಶ್ನೆ ಕಾರ್-ಟಿ ಬಗ್ಗೆ. ಕಾರ್ ಅಂದಕೂಡ್ಲೆ ಮಂದಿಗೆ ಗಾಡಿ ನೆನಪಾಗ್ತದ, ಬಿಡ್ರಿ. ಪೇಶಂಟ್‌ನ ರಕ್ತದಾಗಿನ ಟಿ-ಕೋಶ (ರೋಗದ ಜೋಡಿ ಹೋರಾಡೋ ಬಿಳಿ ಕಣ) ತಗದು, ಲ್ಯಾಬಿನ್ಯಾಗ ಹೊಸಾ ಜೀನ್ ಸೇರ್ಸಿ, ಬೆಳಸಿ, ಕ್ಯಾನ್ಸರ್ ಕೋಶ ಹುಡುಕಿ ಹೊಡೀಲಿ ಅಂತ ತಿರುಗಿ ಅವರ ಮೈಯಾಗ ಬಿಡೋದು. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಕೂಡಿ ಮಾಡಿದ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಕ್ಕ 2023ರ ಅಕ್ಟೋಬರ್‌ದಾಗ ನಮ್ಮ ದೇಶದಾಗ ಒಪ್ಪಿಗಿ ಸಿಕ್ತು, ಹಳೇ ಚಿಕಿತ್ಸೆಗೆ ಬಗ್ಗದ, ಇಲ್ಲಾ ಹೋಗಿ ತಿರುಗಿ ಬಂದ ಬಿ-ಕೋಶದ ಕ್ಯಾನ್ಸರಿಗೆ. ಆ ಹೊಸಾ ಜೀನಿನಿಂದ ಟಿ-ಕೋಶದ ಮೈಮ್ಯಾಲ ಹುಟ್ಟೋ, ಗುರುತು ಹಿಡಿಯೋ ಪ್ರೋಟೀನ್ ಅಂದ್ರ ಕಾರ್ ಅನ್ನೋ ರಿಸೆಪ್ಟರ್‌ನ ಹೊರಗಿನ ತುದಿ ಆಂಟಿಬಾಡಿದು, ಒಳಗಿನ ತುದಿ ಟಿ-ಕೋಶದ್ದು. ನಮ್ಮ ದ್ರಾಕ್ಷಿ ಪಡದಾಗ ಡಾಗ್ರಿಜ್ ತಳಿ ಬೇರಿಗೆ ಥಾಮ್ಸನ್ ತಳಿ ಕಡ್ಡಿ ಕಟ್ಟಿಧಂಗ. ಅದಕ್ಕ ‘ಕಸಿ ಟಿ-ಕೋಶ’ ಅಂದ್ರ ನಮ್ಮ ತಿಕೋಟಾ ಕಡೆ ರೈತರಿಗೆ ಥಟ್ಟನ ತಿಳೀತದ ಅನಸ್ತು.

ತೊಡಕೇನಂದ್ರ ‘ಅಸ್ಥಿಮಜ್ಜೆ ಕಸಿ’ ಅಂತ ಟ್ರಾನ್ಸ್‌ಪ್ಲಾಂಟಿಗೆ ಈ ಶಬ್ದ ಮೊದ್ಲ ಬಳಕ್ಯಾಗದ. ಕಸಿ ಅಂದ್ರ ‘ಕೊಡೋರು ಯಾರು, ಅಣ್ಣಂದಾ ತಮ್ಮಂದಾ’ ಅಂತ ಕೇಳ್ತಾರ, ಇಲ್ಲಿ ನೋಡಿದ್ರ ಕೋಶ ತಮ್ಮವ. ‘ಜೋಡುಕೋಶ’ ಅನ್ನೂಣಂದ್ರ ಎರಡು ಕೋಶ ಅಂತ ತಿಳ್ಕೋತಾರ. ‘ತಿದ್ದಿದ ಟಿ-ಕೋಶ’ ನನಗ ಸಪ್ಪಗ ಅನಸ್ತದ, ಆದ್ರ ತಪ್ಪೇನಿಲ್ಲ.

ಬೆಳಗಾವಿ, ಬಾಗಲಕೋಟಿ ಕಡಿಯವ್ರು ವಾರ್ಡಿನ್ಯಾಗ ಬ್ಯಾರೆ ಯಾವ್ದರ ಶಬ್ದ ಕೇಳಿದ್ರ ತಿಳಸ್ರಿ. ಡಾಕ್ಟರ್ ಇದ್ದವ್ರು ‘ಕಸಿ’ ಖಂಡಿತ ಬ್ಯಾಡ ಅನ್ನೋದಾದ್ರ ಯಾಕಂತನೂ ಬರೀರಿ, ಮನೀ ಮಂದಿಗೆ ಒಂದು ಹಾಳ್ಯಾಗ ಬರದು ಕೊಡಬೇಕಾಗೇದ.